ಹಾಲಿನ ಗಾಡಿ, ಕೋಡಿ ನೀರು, ಮೋರಿ ಕಂಬದ ಮೇಲೆ ಎರಡು ಗೆರೆ

ನಾನು ಹಾಲಿನ ಗಾಡಿ ಓಡ್ಸೋನು. ಶ್ರೀರಂಗಪಟ್ಟಣ ತಾಲ್ಲೂಕಲ್ಲಿ ಒಂಬತ್ತು ಡೇರಿ ನನ್ನ ರೂಟು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ, ಹನ್ನೊಂದು ವರ್ಷ ಆಯ್ತು. ಮಳೆ ಜಾಸ್ತಿ, ರೋಡ್ ಮೇಲೆ ನೀರು, ಇವತ್ತು ರಜಾ ಅನ್ನೋಕೆ ನಮ್ ಕೆಲಸದಲ್ಲಿ ಆಗಲ್ಲ, ಹಸುಗೆ ರೋಡ್ ಸಮಾಚಾರ ಗೊತ್ತಾಗಲ್ವಲ್ಲ, ಅದು ಟೈಮಿಗೆ ಸರಿಯಾಗಿ ಸುರಿಸ್ತದೆ. ಕರೆದ ಹಾಲು ಕೂಲರ್ ಮುಟ್ಟದೆ ಮೂರ್ನಾಲ್ಕು ಗಂಟೆ ಕ್ಯಾನಲ್ಲೇ ಕೂತ್ರೆ ಕಷ್ಟ. ಹಾಲು ತಣ್ಣಗೆ ಮಾಡೋ ಆ ಸೆಂಟರಲ್ಲಿ ಒಂದು ಟ್ಯೂಬಲ್ಲಿ ಚೂರು ಹಾಲು ಕಾಯಿಸಿ ನೋಡ್ತಾರೆ, ಒಡೀತು ಅಂದ್ರೆ ಕ್ಯಾನ್ ವಾಪಸ್. 40 ಲೀಟರ್ ಕ್ಯಾನ್ ಅಂದ್ರೆ ಹತ್ತು ಹನ್ನೆರಡು ಮನೆ ಹಾಲು ಅದ್ರಲ್ಲಿರ್ತದೆ, ಒಂದು ಹಸು ಇಟ್ಕೊಂಡಿರೋ ಅಜ್ಜಿದೂ ಅದ್ರಲ್ಲೇ.

ಅದಕ್ಕೆ ನೀರಿದ್ರೂ ಹೋಗ್ಲೇಬೇಕು ಅಂತ ಮೊದಮೊದಲು ನಾನೂ ನುಗ್ಗಿಸ್ತಿದ್ದೆ. ಈಗ ಹಂಗೆ ಮಾಡಲ್ಲ. ಮೊದಲು ನೋಡೋದು ಇದು ಯಾವ ನೀರು ಅಂತ.

ನಮ್ ಕಡೆ ನೀರಲ್ಲಿ ಎರಡು ಥರ, ಒಂದು ಕಟ್ಟೆ ನೀರು ಇನ್ನೊಂದು ಕೆರೆ ನೀರು. ಕಟ್ಟೆ ಅಂದ್ರೆ ಕನ್ನಂಬಾಡಿ ಕಟ್ಟೆ, ಕೆ.ಆರ್.ಎಸ್. ಆ ನೀರು ಬರೋ ದಿನ ಇಲ್ಲಿ ಬಿಸಿಲು ಕಾಯ್ತಿರ್ತದೆ, ಮಳೆ ಹುಯ್ದಿರೋದು ಕೊಡಗಲ್ಲಿ, ಹೇಮಾವತಿ ಕಡೆ. ಕಟ್ಟೆ 124.80 ಅಡಿ ತುಂಬ್ತಾ ಬಂತು ಅಂದ್ರೆ ಬಂದಷ್ಟನ್ನೂ ಕೆಳಕ್ಕೆ ಬಿಡ್ಲೇಬೇಕು. ಆದ್ರೆ ಅದು ಹೇಳಿ ಬರೋ ನೀರು, ಇಷ್ಟು ಸಾವಿರ ಕ್ಯೂಸೆಕ್ ಬಿಡ್ತೀವಿ, ನದಿ ಪಾತ್ರದೋರು ಹುಷಾರು ಅಂತ ಮುಂಚೇನೇ ಹೇಳ್ತಾರೆ, ಆಟೋಲಿ ಮೈಕ್ ಕಟ್ಕೊಂಡು ಊರೂರು ಸುತ್ತುತಾರೆ. ನಾನು ಲೆಕ್ಕ ಇಟ್ಕೊಂಡಿರೋದು ಲಕ್ಷ ಕ್ಯೂಸೆಕ್. ಅದನ್ನ ದಾಟ್ತು ಅಂದ್ರೆ ಪಟ್ಟಣದಲ್ಲಿ 1804ರ ಆ ಹಳೇ ಕಲ್ಲಿನ ವೆಲ್ಲೆಸ್ಲಿ ಸೇತುವೆ ಮೇಲೆ ಓಡಾಟ ನಿಲ್ಲಿಸ್ತಾರೆ, 2019ರ ಆಗಸ್ಟಲ್ಲೂ ಹಂಗೇ ಆಯ್ತು, 2024ರಲ್ಲೂ ಹಂಗೇ ಆಯ್ತು. ಜನ ಮೈಸೂರಿಂದೆಲ್ಲ ಸೆಲ್ಫಿಗೆ ಬರ್ತಾರೆ, ನಮಗೆ ಹಾಲಿನ ಕ್ಯಾನ್ ಇಟ್ಕೊಂಡು ಆ ಟ್ರಾಫಿಕ್ ಬೇರೆ. ಕಟ್ಟೆ ನೀರು ಬಂದ್ರೆ ಒಂದಿನಕ್ಕೆ ಹೋಗೋದಲ್ಲ, ಮೂರು ದಿನ ನಾಲ್ಕು ದಿನ ನಿಲ್ತದೆ, ಕಾಯ್ಕೊಂಡು ಕೂರೋದು ದಂಡ. ರೂಟ್ ಚೇಂಜ್ ಮಾಡ್ಬಿಡ್ಬೇಕು, ಹದಿನೈದು ಕಿಲೋಮೀಟರ್ ಸುತ್ತಾದ್ರೂ ಸರಿ, ಡೀಸೆಲ್ ವಿಷಯ ಆಮೇಲೆ ಜಗಳ ಆಡ್ಕೋಬಹುದು. ನಂಜನಗೂಡಲ್ಲೂ ಇದೇ ಕಥೆ. ವಯನಾಡಲ್ಲಿ ಮಳೆ ಹುಯ್ತು, ಕಬಿನಿಲಿ ಬಿಟ್ರು ಅಂದ್ರೆ ಮಲ್ಲನಮೂಲೆ ಮಠದ ಹತ್ರ ಮೈಸೂರು ರೋಡೇ ಮುಳುಗ್ತದೆ. ನನ್ನ ಭಾವಮೈದ ಆ ಕಡೆ ತರಕಾರಿ ಗಾಡಿ ಓಡಿಸ್ತಾನೆ, ಹದಿನಾರು ಕಾಲಿನ ಮಂಟಪಕ್ಕೆ ನೀರು ಹತ್ತಿದೆ ಅಂತ ಯಾರಾದ್ರೂ ಅಂದ್ರೆ ಸಾಕು, ಅವನು ಆ ರೋಡ್ ಕಡೆ ತಲೆನೇ ಹಾಕಲ್ಲ.

ಕೆರೆ ನೀರು ಹಂಗಲ್ಲ. ಅದು ಹೇಳ್ದೆ ಕೇಳ್ದೆ ಬರೋದು, ಹಸ್ತ ಚಿತ್ತೆ ಮಳೆಲಿ, ಅದೂ ರಾತ್ರಿ. ಎರಡು ಗಂಟೆ ಜಡೀತು ಅಂದ್ರೆ ಮೇಲಿನೂರ ಕೆರೆ ಕೋಡಿ ಬೀಳ್ತದೆ, ಆ ನೀರು ಕೆಳಗಿನ ಕೆರೆಗೆ, ಅದೂ ತುಂಬಿದ್ರೆ ಅದ್ರ ಕೋಡಿ ಹಳ್ಳಕ್ಕೆ, ಹಳ್ಳ ನಮ್ ರೋಡ್ ಮೇಲೆ. ಯಾವ ಮೈಕೂ ಇಲ್ಲ ಯಾವ ಆಟೋನೂ ಇಲ್ಲ. ಮೇಲಿನ ಕೆರೆ ಏರಿ ಏನಾದ್ರೂ ಕಿತ್ಕೊಂಡ್ರೆ ದೇವ್ರೇ ಗತಿ. ಆದ್ರೆ ಏರಿ ಗಟ್ಟಿಯಾಗಿದ್ರೆ ಈ ನೀರು ಅರ್ಧ ದಿನಕ್ಕೆ ಇಳೀತದೆ. ಆ ಅರ್ಧ ದಿನಾನೇ ನಮ್ ಹಾಲಿನ ಟೈಮು ಅನ್ನೋದೇ ತಾಪತ್ರಯ.

ನಾನು ಕಲಿತಿದ್ದು 2022ರಲ್ಲಿ, ದುಡ್ಡು ಕಟ್ಟಿ. ಆ ವರ್ಷ ಆಗಸ್ಟಲ್ಲಿ ರಾಮನಗರದ ಹತ್ರ ಬೆಂಗಳೂರು ಹೈವೇನೇ ಮುಳುಗಿತ್ತು, ಬಸ್ ಕಾರೆಲ್ಲ ನೀರಲ್ಲಿ ನಿಂತಿರೋದನ್ನ ಟೀವಿಲಿ ನೋಡ್ಕೊಂಡು, ನೀರು ಕಂಡ್ರೂ ನುಗ್ಗಿಸ್ತಾರಲ್ಲ ಎಂಥ ಡ್ರೈವರ್‌ಗಳಪ್ಪ ಅಂತ ನಕ್ಕಿದ್ದೆ. ಅಕ್ಟೋಬರಲ್ಲಿ ನಾನೇ ನಿಂತಿದ್ದೆ. ಬೆಳಿಗ್ಗೆ ಆರೂಕಾಲು, ಇನ್ನೂ ಮಬ್ಬು, ಐದನೇ ಡೇರಿ ಆದ್ಮೇಲೆ ಒಂದು ಹಳ್ಳ ದಾಟ್ಬೇಕು, ಸೇತುವೆ ಅಂತಾರೆ ಆದ್ರೆ ಪೈಪ್ ಹಾಕಿರೋ ಮೋರಿ ಅಷ್ಟೆ. ನೀರು ಕಣಕಾಲಷ್ಟು ಇರ್ಬೋದು ಅನ್ನಿಸ್ತು. ಕೆಂಪು ನೀರಿಗೆ ಆಳ ಕಾಣಲ್ಲ, ಅದು ಮೋಸ. ಮಧ್ಯಕ್ಕೆ ಹೋಗೋ ಹೊತ್ತಿಗೆ ಬಾನೆಟ್ ಮೇಲೆ ಅಲೆ ಎದ್ದು ಬಂತು, ಇಂಜಿನ್ ಆಫ್. ಆಗ್ಲಾದ್ರೂ ಕೀ ಬಿಟ್ಟು ಇಳಿದಿದ್ರೆ ಉಳ್ಕೋತಿದ್ದೆ. ಗಾಬರಿಲಿ ಸೆಲ್ಫ್ ಹೊಡ್ದೆ, ಒಂದ್ಸಲ ಅಲ್ಲ ಮೂರ್ಸಲ. ಟಕ್ ಅಂತ ಒಂದು ಸದ್ದು ಬಂತು, ಇವತ್ತಿಗೂ ಕಿವಿಲಿದೆ. ಏರ್ ಫಿಲ್ಟರ್ ಕಡೆಯಿಂದ ನೀರು ಸಿಲಿಂಡರ್ ಒಳಕ್ಕೆ ಹೋಗಿತ್ತು, ಗಾಳಿ ಆದ್ರೆ ಪಿಸ್ಟನ್ ಒತ್ತಿದಂಗೆ ಕುಗ್ಗುತ್ತೆ ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗೋಯ್ತು. ಬಿಲ್ಲು ನಲವತ್ತಾರು ಸಾವಿರ. ಹೋದ ಹಾಲು ಬೇರೆ. ಬರೀ ನೀರು ನುಗ್ಗಿದ್ರೆ ಫಿಲ್ಟರ್ ಬಿಚ್ಚಿ ನೀರು ತೆಗೆದು ಆಯಿಲ್ ಬದಲಾಯಿಸಿದ್ರೆ ಗಾಡಿ ಬದುಕ್ತದೆ ಅಂದ ಮೆಕ್ಯಾನಿಕ್ಕು, ಕೊಂದಿದ್ದು ನನ್ನ ಕೈ.

ಅದಾದ್ಮೇಲೆ ಬೇಸಿಗೆಲಿ ಒಂದು ಕೆಲಸ ಮಾಡ್ದೆ. ಟೇಪ್ ಹಿಡ್ಕೊಂಡು ಗಾಡಿ ಅಳೆದೆ, ನೆಲದಿಂದ ವೀಲ್ ಹಬ್ ಮಧ್ಯಕ್ಕೆ ಎಷ್ಟು, ಸೈಲೆನ್ಸರ್ ಬಾಯಿಗೆ ಎಷ್ಟು, ಏರ್ ಫಿಲ್ಟರ್ ಗಾಳಿ ಎಳ್ಕೊಳ್ಳೋ ಬಾಯಿಗೆ ಎಷ್ಟು ಅಂತ. ಆಮೇಲೆ ಆ ಮೋರಿ ಹತ್ರ ಹೋದೆ, ಹಳ್ಳ ಒಣಗಿತ್ತು. ಮೋರಿ ಪಕ್ಕ ಒಂದು ಕಲ್ಲು ಕಂಬ ಇದೆ. ರೋಡಿನ ಮೇಲ್ಮಟ್ಟಕ್ಕೆ ಒಂದು ದಾರ ಎಳೆದು, ದಾರಕ್ಕೆ ಮೇಸ್ತ್ರಿಗಳು ನೇತಾಕೋ ಮಟ್ಟಗೋಲು ಕಟ್ಟಿ, ರೋಡ್ ಎಲ್ಲಿ ಜಾಸ್ತಿ ತಗ್ಗಿದೆಯೋ ಅಲ್ಲಿಂದ ಅಳತೆ ತಗೊಂಡೆ. ಇದು ಮುಖ್ಯ, ಕಂಬದ ಬುಡದಿಂದ ಅಳೆದ್ರೆ ತಪ್ಪು, ಕಂಬ ನಿಂತಿರೋ ಜಾಗ ರೋಡಿಗಿಂತ ತಗ್ಗು. ಮನೆಲಿ ಗೇಟಿಗೆ ಬಳ್ದು ಮಿಕ್ಕಿದ್ದ ಪೇಂಟಲ್ಲಿ ಎರಡು ಗೆರೆ ಎಳೆದೆ. ಬಿಳಿ ಗೆರೆವರೆಗೂ ನೀರಿದ್ರೆ ಕಣಕಾಲು ಮಟ್ಟ, ನಿಧಾನಕ್ಕೆ ದಾಟ್ಬೋದು. ಕೆಂಪು ಗೆರೆ ಹಬ್‌ಗಿಂತ ಒಂದು ಗೇಣು ಕೆಳಗೆ, ಮುಟ್ಟಿದ್ರೆ ವಾಪಸ್. ಹರಿಯೋ ನೀರು ಒಂದು ಅಡಿ ಇದ್ರೆ ಸಾಕು ಸಣ್ಣ ಕಾರನ್ನ ಪಕ್ಕಕ್ಕೆ ತಳ್ಳೋಕೆ, ನಂದು ಟನ್‌ಗಟ್ಟಲೆ ಲೋಡು ಅನ್ನೋ ಧೈರ್ಯ ಬೇಡ, ಬೆಳಿಗ್ಗೆ ಹಳ್ಳ ದಾಟೋವಾಗ ಮುಂದಿನ ಡೇರಿಗಳ ಕ್ಯಾನ್ ಇನ್ನೂ ಖಾಲಿನೇ ಅಲ್ವ.

ಗೆರೆ ಎಳೀತಿದ್ರೆ ದನ ಹೊಡ್ಕೊಂಡು ಬಂದ ಗೌಡ್ರು ನಿಂತು ನೋಡಿ, "ಏನ್ಲಾ ಇದು, ಮೋರಿಗೆ ಮದ್ವೆ ಮಾಡ್ತಿದ್ದೀಯಾ, ಕಂಬಕ್ಕೆ ಪಟ್ಟಿ ಬಳೀತಿದ್ದೀಯಲ್ಲ" ಅಂದ್ರು. ನಗ್ಲಿ ಬುಡಿ ಅಂದ್ಕೊಂಡೆ. ಮುಂದಿನ ಮಳೆಗಾಲಕ್ಕೆ ಆ ಊರಿನ ಡೇರಿ ಸೆಕ್ರೆಟರಿ ಐದೂವರೆಗೆ ಟಾರ್ಚ್ ಬಿಟ್ಟು ಕಂಬದ ಫೋಟೋ ವಾಟ್ಸಾಪಲ್ಲಿ ಹಾಕೋಕೆ ಶುರು ಮಾಡ್ದ. ನಾನು ಹಳ್ಳದ ಹತ್ರ ಬರೋ ಮುಂಚೇನೇ ಗೊತ್ತಾಗ್ತದೆ. ಅದೇ ಗೌಡ್ರು ಒಂದಿನ ಫೋನ್ ಮಾಡಿ, "ಕೆಂಪು ಮುಟ್ಟೈತೆ ಕಣಪ್ಪ, ಬರಬೇಡ" ಅಂದ್ರು, ನಾನು ಏನೂ ಅನ್ಲಿಲ್ಲ.

ಕೆಂಪು ಮುಟ್ಟಿದ ದಿನ ಏನು ಮಾಡ್ತೀವಿ ಅಂದ್ರೆ, ಹಳ್ಳದ ಆಚೆ ನಾಲ್ಕು ಊರು, ಅದ್ರಲ್ಲಿ ಒಂದೂರಲ್ಲಿ ಬಿ.ಎಂ.ಸಿ ಇದೆ, ಹಾಲು ತಣ್ಣಗಿಡೋ ದೊಡ್ಡ ಟ್ಯಾಂಕು. ಮಿಕ್ಕ ಮೂರೂರಿನ ಕ್ಯಾನ್‌ಗಳನ್ನ ಅಲ್ಲಿನ ಒಂದು ಗೂಡ್ಸ್ ಆಟೋದಲ್ಲಿ ಅಲ್ಲಿಗೇ ಸಾಗ್ಸೋದು, ಅದ್ರ ಬಾಡಿಗೆ ನಾಲ್ಕು ಡೇರಿನೂ ಹಂಚ್ಕೊಳ್ಳೋದು ಅಂತ ಮೇ ತಿಂಗಳಲ್ಲೇ ಮಾತಾಡಿಟ್ಟಿದ್ದೀವಿ. ನೀರು ಬಂದ ದಿನ ಮಾತಾಡೋಕೆ ಹೋದ್ರೆ ಆಗಲ್ಲ, ಬಾಡಿಗೆ ಯಾರು ಕೊಡೋದು ಅನ್ನೋದ್ರಲ್ಲೇ ಹಾಲು ಹುಳಿ ಬರ್ತದೆ. ಕೆಲವರು ಟ್ರ್ಯಾಕ್ಟರಲ್ಲಿ ಕ್ಯಾನ್ ದಾಟ್ಸಿ ಅಂತಾರೆ, ಒಂದ್ಸಲ ಮಾಡಿದ್ದೋ, ಟ್ರೈಲರ್ ಹಿಂದೆ ಹಾವಿನಂಗೆ ಹೊರಳಾಡ್ತು, ಮೇಲೆ ಎರಡು ಹುಡುಗ್ರು ಬೇರೆ ಕೂತಿದ್ರು. ಸಾಕಪ್ಪ ಆ ಸಾವಾಸ.

ನೀರು ಇಳಿದ್ಮೇಲೂ ತಕ್ಷಣ ಹೋಗಲ್ಲ, ಇದನ್ನ ಹೊಸಬ್ರಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ. ಮೇಲೆ ಡಾಂಬರು ಚೆನ್ನಾಗೇ ಇರ್ತದೆ, ಕೆಳಗಿನ ಮಣ್ಣನ್ನ ನೀರು ಎಳ್ಕೊಂಡು ಹೋಗಿರ್ತದೆ, ಹಪ್ಪಳದ ಥರ ಬರೀ ಮೇಲ್ಪದರ. ಕ್ಲೀನರ್ ಹುಡುಗ ಬಿದಿರು ಗಳ ತಗೊಂಡು ರೋಡ್ ಅಂಚಲ್ಲಿ ಕುಟ್ಕೊಂಡು ಮುಂದೆ ನಡೀತಾನೆ, ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ್ರೆ ಅಲ್ಲಿಗೆ ಒಂದು ಹೊಂಗೆ ಸೊಪ್ಪು ನೆಡ್ತಾನೆ, ಹಿಂದೆ ಬರೋರಿಗೂ ಗೊತ್ತಾಗ್ಲಿ ಅಂತ. ಕರೆಂಟ್ ಕಂಬ ವಾಲಿದ್ರೆ, ವೈರ್ ನೀರಿಗೆ ತಾಗಿದ್ರೆ ಗಳನೂ ಇಲ್ಲ ಗಿಳನೂ ಇಲ್ಲ, ದೂರ ನಿಂತು ಕರೆಂಟಿನೋರ ನಂಬರ್ 1912ಕ್ಕೆ ಫೋನು. ದಾಟಿದ ಮೇಲೆ ಒಂದು ಫರ್ಲಾಂಗು ಬ್ರೇಕ್ ಮೇಲೆ ಕಾಲಿಟ್ಕೊಂಡೇ ನಿಧಾನ ಹೋಗ್ಬೇಕು, ಒದ್ದೆ ಬ್ರೇಕ್ ಹಿಡಿಯಲ್ಲ. ಸಾಯಂಕಾಲ ಗೇರ್‌ಬಾಕ್ಸ್ ಆಯಿಲ್ ಸ್ವಲ್ಪ ಬಿಟ್ಟು ನೋಡ್ತೀನಿ, ಹಾಲು ಜಾಸ್ತಿಯಾದ ಟೀ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ಅರ್ಥ, ಬದಲಾಯಿಸ್ಲೇಬೇಕು.

ಇಷ್ಟೆಲ್ಲ ಆದ್ರೂ ವರ್ಷಕ್ಕೆ ಒಂದೆರಡು ಹೊತ್ತು ಹಾಲು ಊರಲ್ಲೇ ಉಳೀತದೆ. ಹೆಂಗಸ್ರು ಹೆಪ್ಪಾಕಿ ಬೆಣ್ಣೆ ತೆಗೀತಾರೆ, ಆ ಎರಡು ದಿನ ನಾನು ಹೋದ ಕಡೆಯೆಲ್ಲ ಮಜ್ಜಿಗೆ ಕುಡಿ ಅಂತಾರೆ, ಸಿಟ್ಟಲ್ಲೋ ಪ್ರೀತಿಲೋ ಗೊತ್ತಾಗಲ್ಲ.

ಈಗ ಹೊಸ ತಲೆನೋವು. ಹೋದ ತಿಂಗಳು ಆ ರೋಡಿಗೆ ಡಾಂಬರ್ ಹಾಕಿದ್ರು, ಹಳೇದನ್ನ ಕೀಳ್ದೆ ಅದ್ರ ಮೇಲೇ. ರೋಡು ಮೂರು ಇಂಚು ಮೇಲೆದ್ದಿದೆ, ನನ್ನ ಗೆರೆ ಎರಡೂ ಲೆಕ್ಕ ತಪ್ಪಿದಾವೆ. ಕೆಂಪು ಮುಟ್ಟಿದ್ರೂ ಈಗ ದಾಟ್ಬೋದು ಅಂತ ಕ್ಲೀನರ್ ಹುಡುಗ ವಾದ ಮಾಡ್ತಾನೆ, ಮೂರಿಂಚು ನಮಗೆ ಲಾಭ ಅಂತ. ಮೋರಿ ಪೈಪು ಮಾತ್ರ ಅದೇ ಹಳೇದು, ಒಂದ್ರ ಬಾಯಿ ಅರ್ಧ ಮಣ್ಣು ತುಂಬಿದೆ. ಭಾನುವಾರ ಟೇಪು, ದಾರ, ಪೇಂಟು ತಗೊಂಡು ಹೋಗ್ತಿದ್ದೀನಿ, ಗುದ್ದಲಿನೂ ತಗೊಂಡು ಬಾ ಅಂತ ಅವನಿಗೆ ಹೇಳಿದ್ದೀನಿ.