ಮನೆ ಕಂಪ್ಯೂಟರ್‌ಗೆ ಲಿಬ್ರೆಆಫೀಸ್ ಸಾಕು, ಆದರೆ ಫಾಂಟ್ ನೋಡಿಕೊಳ್ಳಿ

ನಮಸ್ಕಾರ ಎಲ್ಲರಿಗೂ. ಮನೆ ಲೆಕ್ಕ, ಮಕ್ಕಳ ಪ್ರಾಜೆಕ್ಟು, ಒಂದೆರಡು ಅರ್ಜಿ, ಇಷ್ಟಕ್ಕೆ ವರ್ಷ ವರ್ಷ ದುಡ್ಡು ಕಟ್ಟಿ ಆಫೀಸ್ ಸಾಫ್ಟ್‌ವೇರ್ ತಗೋಬೇಡಿ. ಕದ್ದ ಕಾಪಿಯಂತೂ ಬೇಡವೇ ಬೇಡ, ಅದರ ಜೊತೆ ವೈರಸ್ ಬರಬಹುದು. ಅದರ ಬದಲು ಲಿಬ್ರೆಆಫೀಸ್ ಅನ್ನೋ ಆಫೀಸ್ ಸಾಫ್ಟ್‌ವೇರ್ 2010ರಿಂದ ಇದೆ, ಪೂರ್ತಿ ಉಚಿತ, ಮೆನುಗಳನ್ನೂ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು.

ನಮ್ಮ ಕಾಕಾ ತೊಗರಿ ಲೆಕ್ಕವನ್ನು ಈಗ ಅದರ ಕ್ಯಾಲ್ಕ್‌ನಲ್ಲೇ (ಲೆಕ್ಕದ ಕೋಷ್ಟಕ ಮಾಡೋ ಭಾಗ) ಇಡುತ್ತಾರೆ. ಒಂದು ಕಾಲಂನಲ್ಲಿ ಕ್ವಿಂಟಲ್, ಪಕ್ಕದಲ್ಲಿ ದರ, ಆಮೇಲೆ ಹಮಾಲಿ, ಗಾಡಿ ಬಾಡಿಗೆ. ಗಂಜ್‌ನಿಂದ (ಧಾನ್ಯದ ಮಾರುಕಟ್ಟೆ) ಬಂದ ಚೀಟಿ ನೋಡಿ ನಂಬರ್ ಹಾಕಿದರೆ ಕೈಗೆ ಎಷ್ಟು ಉಳಿಯಿತು ಅನ್ನೋದು ತಾನೇ ಬರುತ್ತದೆ. ಮೇಲಿನ ಸಾಲನ್ನು ಫ್ರೀಜ್ ಮಾಡಿಕೊಡಿ, ವಯಸ್ಸಾದವರಿಗೆ ಎಷ್ಟು ಕೆಳಗೆ ಹೋದರೂ ಯಾವ ಕಾಲಂ ಯಾವುದು ಅಂತ ಗೊಂದಲ ಆಗೋದಿಲ್ಲ.

ಕಷ್ಟ ಬರೋದು ಕನ್ನಡ ಫಾಂಟ್‌ನಲ್ಲಿ. ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ನನ್ನ ಅರ್ಜಿಯನ್ನು ಪ್ರಿಂಟ್ ಅಂಗಡಿಯಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ! ಮೇ ತಿಂಗಳ ಬಿಸಿಲಲ್ಲಿ ಮತ್ತೆ ಮನೆಗೆ ಬಂದು ಪೂರ್ತಿ ಹೊಸದಾಗಿ ಟೈಪ್ ಮಾಡಿದೆ. ಹಂಗಾಗಿ ಯಾವಾಗಲೂ ಯುನಿಕೋಡ್‌ನಲ್ಲೇ (ಯಾವ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಗೊತ್ತಾಗೋ ಅಕ್ಷರ ಪದ್ಧತಿ) ಬರೆಯಿರಿ. ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ನಿರ್ಮಲಾ ಯುಐ ಫಾಂಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಪ್ರಿಂಟ್‌ಗೆ ಕೊಡೋ ಮುಂಚೆ ಪಿಡಿಎಫ್ ಮಾಡಿ, ಆಗ ಫಾಂಟ್ ಫೈಲ್ ಒಳಗೇ ಸೇರಿಕೊಂಡು ಹೋಗುತ್ತದೆ.

ಇನ್ನೊಂದು ಮಾತು. ಕರೆಂಟ್ ಹೋಗೋ ಭಯ ಇದ್ದವರು ಸೆಟ್ಟಿಂಗ್‌ನಲ್ಲಿ ಆಟೋ ಸೇವ್ ಸಮಯವನ್ನು 2 ನಿಮಿಷಕ್ಕೆ ಇಳಿಸಿ. ಫೈಲ್ ಬೇರೆಯವರಿಗೆ ಕಳಿಸೋದಿದ್ದರೆ ಡಾಕ್ಸ್ (.docx, ಅಂದರೆ ವರ್ಡ್ ಫೈಲ್) ರೂಪದಲ್ಲಿ ಸೇವ್ ಮಾಡಿ. ಹಾಕಿಕೊಳ್ಳೋವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ರಾತ್ರಿ ಊಟ ಆದ ಮೇಲೆ ಕೂತು ಹೇಳಿಕೊಡುತ್ತೇನೆ.