ತುಟಿಯ ಗುಳ್ಳೆ: ತಟ್ಟೆ-ಲೋಟ ಬೇರೆ ಮಾಡಿದರೆ ಸಾಲದು

ಶಿಡ್ಲಘಟ್ಟದ ನಮ್ಮ ಕ್ಲಿನಿಕ್ಕಿಗೆ ಯಾರಾದರೂ ತುಟಿ ಅಂಚಿನಲ್ಲಿ ನೀರುಗುಳ್ಳೆ ಇಟ್ಟುಕೊಂಡು ಬಂದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಬಾಣಂತಿ ಇದ್ದಾರಾ, ಹಸುಗೂಸು ಇದೆಯಾ ಅಂತ. ಎರಡನೇ ಪ್ರಶ್ನೆ, ಕಣ್ಣು ಏನಾದರೂ ಉಜ್ಜಿಕೊಂಡಿರಾ. ಎಷ್ಟು ದಿನವಾಯಿತು, ಏನು ಹಚ್ಚಿದಿರಿ ಎಂಬುದೆಲ್ಲ ಆಮೇಲೆ. ಗುಳ್ಳೆ ಎದ್ದವರಿಗೆ ಅದು ಒಂದು ವಾರ, ಹತ್ತು ದಿನದ ಉರಿ, ಜೊತೆಗೆ ಒಂದಿಷ್ಟು ಮುಜುಗರ. ಅದು ಹೋಗಬಾರದ ಕಡೆ ಹೋದಾಗಲೇ ಅಪಾಯ.

ನಮ್ಮ ಕಡೆ ಇದನ್ನು ಉಷ್ಣದ ಗುಳ್ಳೆ ಅನ್ನುತ್ತಾರೆ, ಜ್ವರ ಬಂದು ಹೋದ ಮೇಲೆ ಎದ್ದರೆ ಜ್ವರದ ಗುಳ್ಳೆ. ರಾತ್ರಿ ಹುಳ ಹರಿದಿರಬೇಕು ಅನ್ನುವವರೂ ಇದ್ದಾರೆ. ಹುಳದಿಂದ ಆಗುವುದು ಬೇರೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಸಣ್ಣ ಹುಳ ಮೈಮೇಲೆ ಜಜ್ಜಿಹೋದರೆ ಅದರ ರಸ ತಾಗಿದಷ್ಟು ಉದ್ದಕ್ಕೂ ಚರ್ಮ ಸುಟ್ಟು ಕೆಂಪು ಪಟ್ಟೆ ಏಳುತ್ತದೆ, ಹೆಚ್ಚಾಗಿ ಕುತ್ತಿಗೆ, ಕೆನ್ನೆಯ ಮೇಲೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಆಗುವ ಮಾಮೂಲಿ ಬಾಯಿಹುಣ್ಣೂ ಅಂಟುವುದಿಲ್ಲ. ಎರಡೂ ಕಡೆ ತುಟಿಯ ಮೂಲೆ ಒಡೆದಿದ್ದರೆ ಅದರ ಕಾರಣಗಳೇ ಬೇರೆ. ನಾನು ನೋಡುವುದು ಮೂರು ಗುರುತು: ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆಯ ಮೇಲೆ, ಒಂದು ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳ ಗುಂಪು. ಹಿಂದೆಯೂ ಅದೇ ಜಾಗದಲ್ಲಿ ಎದ್ದಿದ್ದವು. ಏಳುವ ಮುಂಚೆ ಅಲ್ಲಿ ಜುಮುಜುಮು ಅಂದಿತ್ತು. ಮೂರೂ ಇದ್ದರೆ ರಕ್ತ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ.

ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಅದರಲ್ಲೂ ಸಾಮಾನ್ಯವಾಗಿ ಮೊದಲನೇ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ನೂರಕ್ಕೆ 64 ಮಂದಿಯಲ್ಲಿ ಇದು ಇದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ದೊಡ್ಡವರ ಮುತ್ತಿನಿಂದ ಬಂದಿರುತ್ತದೆ, ಬಂದದ್ದು ಗೊತ್ತೂ ಆಗಿರುವುದಿಲ್ಲ. ಒಮ್ಮೆ ಬಂದ ವೈರಸ್ ಹೋಗುವುದಿಲ್ಲ. ಮುಖದ ಸ್ಪರ್ಶ ಒಯ್ಯುವ ಟ್ರೈಜೆಮಿನಲ್ ನರದ ಗಂಟಿನಲ್ಲಿ, ತಲೆಬುರುಡೆಯ ಒಳಗೆ ಮಲಗಿರುತ್ತದೆ. ಜ್ವರ, ಬಿಸಿಲು, ನಿದ್ದೆಗೇಡು, ಮುಟ್ಟು, ಹಲ್ಲು ಕೀಳಿಸುವಾಗ ತುಟಿ ಎಳೆದದ್ದು, ಇಂಥ ಯಾವುದಾದರೊಂದು ನೆಪದಿಂದ ಎದ್ದು ಅದೇ ನರದ ಎಳೆ ಹಿಡಿದು ತುಟಿಗೆ ಇಳಿಯುತ್ತದೆ. ಪ್ರತಿ ಸಲ ಗುಳ್ಳೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುವುದು ಅದಕ್ಕೇ. ಹರ್ಪಿಸ್ ಅನ್ನುವ ಹೆಸರು ಕೇಳಿದ ಕೂಡಲೇ ಇದು ಗುಪ್ತರೋಗ ಅಂದುಕೊಂಡು ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನದಿಂದ ನೋಡುವುದು ನನ್ನ ಮೇಜಿನ ಎದುರೇ ನಡೆಯುತ್ತದೆ. ಈ ಗುಳ್ಳೆ ಯಾರ ನಡತೆಗೂ ಸಾಕ್ಷಿಯಲ್ಲ.

ಹರಡುವ ಕಾಲ ಯಾವುದೆಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಜುಮುಜುಮು ಶುರುವಾಗಿ ಒಂದು ದಿನದೊಳಗೆ ಕೆಂಪಾಗಿ ಊದುತ್ತದೆ, ಆಮೇಲೆ ನೀರು ತುಂಬುತ್ತದೆ. ಎರಡು-ಮೂರನೇ ದಿನ ಗುಳ್ಳೆ ಒಡೆದು ಒಸರುತ್ತದೆ, ನಾಲ್ಕು-ಐದನೇ ದಿನ ಹಕ್ಕಳೆ ಕಟ್ಟುತ್ತದೆ, ಎಂಟು-ಹತ್ತನೇ ದಿನದ ಹೊತ್ತಿಗೆ ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಕಾಣುತ್ತದೆ. ಒಸರುವ ದಿನಗಳಲ್ಲಿ ವೈರಸ್ ಅತಿ ಹೆಚ್ಚು. ಆದರೆ ಎಚ್ಚರಿಕೆ ಶುರುವಾಗಬೇಕಾದ್ದು ಗುಳ್ಳೆ ಕಂಡಾಗಲ್ಲ, ಜುಮುಜುಮು ಅಂದಾಗ. ಮುಗಿಯಬೇಕಾದ್ದು ಹಕ್ಕಳೆ ಕಟ್ಟಿದಾಗಲ್ಲ, ಅದು ತಾನಾಗಿ ಉದುರಿದಾಗ. ಏನೂ ಕಾಣದ ದಿನಗಳಲ್ಲೂ ಆಗೊಮ್ಮೆ ಈಗೊಮ್ಮೆ ಜೊಲ್ಲಿನಲ್ಲಿ ವೈರಸ್ ಬರುವುದುಂಟು, ಆದ್ದರಿಂದ ಪೂರ್ತಿ ತಡೆಯುತ್ತೇನೆ ಎಂದು ಯಾರಿಗೂ ಮಾತು ಕೊಡಲಾಗದು. ದೊಡ್ಡ ಪಾಲನ್ನು ಖಂಡಿತ ತಡೆಯಬಹುದು.

ಮನೆಗಳಲ್ಲಿ ಏನು ಮಾಡುತ್ತಾರೆ ನೋಡಿ. ಗುಳ್ಳೆ ಎದ್ದವರ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ಆದರೆ ಅದೇ ಅಜ್ಜಿ ತುಟಿ ಒರೆಸಿಕೊಂಡ ಸೆರಗಿನಿಂದಲೇ ಮೊಮ್ಮಗುವಿನ ಬಾಯಿ ಒರೆಸುತ್ತಾರೆ. ಮುದ್ದೆ ಮುರಿದು, ಬಿಸಿಯೋ ಏನೋ ಅಂತ ತುಟಿಗೆ ತಾಗಿಸಿ ನೋಡಿ, ಆ ತುತ್ತನ್ನೇ ಮಗುವಿನ ಬಾಯಿಗೆ ಇಡುತ್ತಾರೆ. ಗಟ್ಟಿ ಇದ್ದದ್ದನ್ನು ತಾವು ಅಗಿದು ಮೆತ್ತಗೆ ಮಾಡಿ ಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಅಪಾಯದ ಸಾಲು ಹೀಗಿದೆ: ಮೊದಲು ಮುತ್ತು, ಆಮೇಲೆ ಗುಳ್ಳೆ ಮುಟ್ಟಿದ ಬೆರಳು, ಆಮೇಲೆ ಈ ಸೆರಗು, ಟವೆಲ್, ಎಂಜಲು ತುತ್ತು, ಕೊನೆಗೆ ತೊಳೆದಿಟ್ಟ ತಟ್ಟೆ-ಲೋಟ. ಈ ವೈರಸ್ಸಿಗೆ ಮೇಲೊಂದು ಕೊಬ್ಬಿನ ಪೊರೆ ಇದೆ. ಪಾತ್ರೆ ತೊಳೆಯುವ ಸೋಪಿಗೆ ಆ ಪೊರೆ ಒಡೆದುಹೋಗುತ್ತದೆ, ಒಣಗಿದ ಜಾಗದಲ್ಲಿ ವೈರಸ್ ಹೆಚ್ಚು ಹೊತ್ತು ಬಾಳುವುದಿಲ್ಲ. ಚೆನ್ನಾಗಿ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯನ್ನು ಯಾರು ಬೇಕಾದರೂ ಬಳಸಬಹುದು. ಚೊಂಬನ್ನು ಕಚ್ಚದೆ ಎತ್ತಿ ಕುಡಿಯುವ ನಮ್ಮ ಹಳೇ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ತೊಳೆಯದೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುವ ವಸ್ತುಗಳಿಗೆ ಮಾತ್ರ ಬಿಗಿ ಮಾಡುತ್ತೇನೆ: ಬೀಡಿ, ನೀರಿನ ಬಾಟಲಿ, ಲಿಪ್‌ಸ್ಟಿಕ್, ಓಲಗದವರ ಪೀಪಿ, ಮಗುವಿನ ನಿಪ್ಪಲ್.

ನಾನು ಹೇಳಿಕೊಡುವ ಕ್ರಮ ಇದು. ಮುಖಕ್ಕೆ ಒಂದು ಸಣ್ಣ ಟವೆಲ್ ಬೇರೆ ಇಡಿ, ದಿನಾ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಸರಿದ್ದನ್ನು ಸೆರಗಿನಿಂದಲೋ ಪಂಚೆಯ ತುದಿಯಿಂದಲೋ ಒತ್ತಬೇಡಿ, ಟಿಶ್ಯೂ ಅಥವಾ ಹತ್ತಿಯಿಂದ ಒತ್ತಿ ಆಚೆ ಎಸೆಯಿರಿ. ಕ್ರೀಮ್ ಹಚ್ಚುವ ಮೊದಲು ಕೈ ತೊಳೆಯಿರಿ, ಹಚ್ಚಿದ ಮೇಲೂ ತೊಳೆಯಿರಿ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ಬೇಕಾದ್ದು ಅದೇ. ಕ್ರೀಮನ್ನು ಬೆರಳಿನ ಬದಲು ಇಯರ್‌ಬಡ್‌ನಿಂದ, ಉಜ್ಜದೆ, ಒತ್ತಿ ಇಡಿ, ಒಂದು ಬಡ್ಡನ್ನು ಒಂದೇ ಸಲ ಬಳಸಿ. ಟ್ಯೂಬಿನ ಬಾಯಿಯನ್ನು ಗುಳ್ಳೆಗೆ ತಾಗಿಸಬೇಡಿ. ಸೂಜಿಯಿಂದ ಚುಚ್ಚಿ ನೀರು ತೆಗೆದರೆ ಬೇಗ ಒಣಗುತ್ತದೆ ಅನ್ನುವುದು ಸುಳ್ಳು. ಆ ನೀರು ವೈರಸ್ಸಿನ ರಸ, ಹರಿದ ಕಡೆಯಲ್ಲೆಲ್ಲ ಅಂಟುವ ಸಾಧ್ಯತೆ ಇರುತ್ತದೆ. ಸುಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಗುಳ್ಳೆಯ ಮೇಲೊಂದು ಸುಟ್ಟಗಾಯ ಅಷ್ಟೆ. ಹಕ್ಕಳೆ ಒಡೆದು ರಕ್ತ ಬರದಂತೆ ತೆಳುವಾಗಿ ವ್ಯಾಸಲೀನ್ ಸಾಕು. ಗಂಡಸರು ಆ ಜಾಗದ ಮೇಲೆ ಬ್ಲೇಡು ಆಡಿಸಬಾರದು. ಗುಳ್ಳೆಯನ್ನು ಕತ್ತರಿಸಿಕೊಂಡು ಗದ್ದದ ತುಂಬ ಹರಡಿಸಿಕೊಂಡು ಬರುವವರಿದ್ದಾರೆ. ಮದುವೆಗೆ ಹೋಗಲೇಬೇಕು ಅಂದರೆ ಮಾಸ್ಕ್ ಹಾಕಿಕೊಳ್ಳಿ, ಅದು ಬೇರೆಯವರಿಗಿಂತ ನಿಮ್ಮ ಬೆರಳಿಗೇ ಹೆಚ್ಚು ತಡೆ.

ಹಸುಗೂಸಿನ ವಿಷಯಕ್ಕೆ ಬರೋಣ. ಹುಟ್ಟಿದ ಮೊದಲ ಆರು ವಾರ ಮಗುವಿಗೆ ಈ ವೈರಸ್ಸನ್ನು ತಡೆದುಕೊಳ್ಳುವ ಶಕ್ತಿ ತೀರ ಕಡಿಮೆ. ದೊಡ್ಡವರಲ್ಲಿ ತುಟಿಯಲ್ಲೇ ನಿಲ್ಲುವುದು ಕೂಸಿನಲ್ಲಿ ಮಿದುಳಿಗೆ, ಈಲಿಗೆ ಹೋಗಿ ಜೀವಕ್ಕೇ ಎರವಾಗಬಹುದು. ಬಾಣಂತನಕ್ಕೆ ತವರಿಗೆ ಬಂದ ಮನೆ, ನಾಮಕರಣದ ಮನೆ ಅಂದರೆ ದಿನಕ್ಕೆ ಎಷ್ಟೋ ಜನ ಬರುತ್ತಾರೆ, ಬಂದವರೆಲ್ಲ ಕೂಸನ್ನು ಎತ್ತಿ ಮುತ್ತಿಡುತ್ತಾರೆ. ನಾನು ಬಾಣಂತಿಯ ಅಮ್ಮನಿಗೆ ಹೇಳುವುದು: ಬಂದವರು ಕೈ ತೊಳೆದು ಕೂಸಿನ ಕಾಲು ಮುಟ್ಟಲಿ, ಮುಖದ ಮುಂದೆ ಕೈ ಇಳಿಸಿ ನೆಟಿಗೆ ಮುರಿದು ದೃಷ್ಟಿ ತೆಗೆಯಲಿ, ಮುಖಕ್ಕೆ, ಕೈಗೆ ಮುತ್ತು ಬೇಡ. ಕೂಸು ಕೈಯನ್ನು ಬಾಯಿಗೇ ಇಡುತ್ತದಲ್ಲ. ತುಟಿ ಜುಮುಜುಮು ಅನ್ನುತ್ತಿರುವವರು ಹತ್ತು ದಿನ ಬಿಟ್ಟು ಬರಲಿ, ಬೇಜಾರು ಮಾಡಿಕೊಂಡರೂ ಸರಿ. ಗುಳ್ಳೆ ತಾಯಿಗೇ ಎದ್ದಿದ್ದರೆ ಹಾಲು ಬಿಡಿಸಬೇಕಾಗಿಲ್ಲ. ಪ್ರತಿ ಸಲ ಕೈ ತೊಳೆದು, ಮಾಸ್ಕ್ ಹಾಕಿ ಕುಡಿಸಬಹುದು. ಗುಳ್ಳೆ ಮೊಲೆಯ ಮೇಲಿದ್ದರೆ ಮಾತ್ರ ಆ ಪಕ್ಕ ವಾಸಿಯಾಗುವವರೆಗೆ ಕುಡಿಸದೆ ಹಿಂಡಿ ಚೆಲ್ಲಬೇಕು, ಇನ್ನೊಂದು ಪಕ್ಕದಿಂದ ಕುಡಿಸುತ್ತಿರಬೇಕು. ಕೂಸು ಹಾಲು ಬಿಟ್ಟರೆ, ಸೋತು ಮಲಗಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಮೈಮೇಲೆ ಒಂದೇ ಒಂದು ನೀರುಗುಳ್ಳೆ ಕಂಡರೂ ನಮ್ಮಂಥ ಕ್ಲಿನಿಕ್ಕುಗಳಲ್ಲಿ ಹೊತ್ತು ಕಳೆಯದೆ ನೇರ ಜಿಲ್ಲಾ ಆಸ್ಪತ್ರೆಗೆ. ಅಲ್ಲಿ ಔಷಧ ರಕ್ತನಾಳದ ಮೂಲಕ ಹೋಗಬೇಕು, ಎರಡು-ಮೂರು ವಾರ.

ಒಂದೆರಡು ವರ್ಷದ ಮಕ್ಕಳಲ್ಲಿ ಮೊದಲ ಸೋಂಕು ಕಂಡರೆ ಬೇರೆಯೇ ರೂಪ. ಜ್ವರ, ಊದಿ ಕೆಂಪಾದ ಒಸಡು, ಬಾಯಿ ತುಂಬ ಹುಣ್ಣು, ಸುರಿಯುವ ಜೊಲ್ಲು. ಹಲ್ಲು ಬರುತ್ತಿದೆ ಅಂತ ಸುಮ್ಮನಿರುತ್ತಾರೆ. ಇಲ್ಲಿ ಕೆಡುವುದು ನೀರಿನ ಲೆಕ್ಕ: ನೋವಿಗೆ ಮಗು ಏನೂ ಕುಡಿಯುವುದಿಲ್ಲ. ತಣ್ಣನೆಯ ಗಂಜಿ, ಎಳನೀರು, ಓಆರ್‌ಎಸ್ ನೀರನ್ನು ಐದೈದು ನಿಮಿಷಕ್ಕೆ ಒಂದೊಂದು ಚಮಚದಂತೆ ಕೊಡಿ, ಹುಳಿ-ಖಾರ ಬೇಡ. ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆ. ಜೊಲ್ಲು ಸುರಿಯುವವರೆಗೆ ಅಂಗನವಾಡಿಗೆ ಬೇಡ. ಶಾಲೆಗೆ ಹೋಗುವ ಮಗುವಿನ ತುಟಿಯ ಮೇಲೆ ಬರೀ ಒಂದು ಗುಳ್ಳೆ ಇದ್ದರೆ ರಜೆ ಹಾಕಿಸಬೇಕಾಗಿಲ್ಲ. ಮೈಮೇಲೆ ಇಸುಬು ಇರುವ ಮಕ್ಕಳನ್ನು ಮಾತ್ರ ಗುಳ್ಳೆ ಎದ್ದವರಿಂದ ದೂರ ಇಡಿ. ಅವರಲ್ಲಿ ಅದು ಇಸುಬಿನ ಜಾಗದಲ್ಲೆಲ್ಲ ಹಬ್ಬಿ ಜ್ವರ ಏರಿಸುತ್ತದೆ.

ಬೆರಳಿನ ಮಾತು ನಮ್ಮ ಊರಿಗೆ ವಿಶೇಷವಾಗಿ ಬೇಕು. ರೇಷ್ಮೆ ನೂಲು ಬಿಚ್ಚುವವರ ಬೆರಳು ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿರುತ್ತದೆ. ಚರ್ಮ ನೆನೆದು ಬೆಳ್ಳಗೆ ಸುಕ್ಕುಗಟ್ಟಿ, ಉಗುರಿನ ಬುಡ ಬಿರುಕು ಬಿಟ್ಟಿರುತ್ತದೆ. ಅಂಥ ಬೆರಳಿನಿಂದ ಒಸರುವ ತುಟಿ ಮುಟ್ಟಿದರೆ ವೈರಸ್ಸಿಗೆ ಬಾಗಿಲು ತೆರೆದಿಟ್ಟ ಹಾಗೆ. ಹಾಗೆ ಬೆರಳಿನಲ್ಲಿ ಏಳುವ ಗುಳ್ಳೆ ನೋಡಲು ಉಗುರುಸುತ್ತಿನಂತೆಯೇ ಇರುತ್ತದೆ, ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ಬರುತ್ತಾರೆ, ಕೊಯ್ದು ಕೀವು ತೆಗೆಯಿರಿ ಅನ್ನುತ್ತಾರೆ. ಕೀವಿನ ಬದಲು ಸಣ್ಣ ನೀರುಗುಳ್ಳೆಗಳ ಗುಂಪಿದ್ದು, ನೋವು ಮಿತಿಮೀರಿದ್ದು, ಮನೆಯಲ್ಲಿ ಯಾರಿಗಾದರೂ ತುಟಿಯಲ್ಲಿ ಗುಳ್ಳೆ ಇದ್ದರೆ ಅದನ್ನು ಕೊಯ್ಯಲೇಬಾರದು. ಕೊಯ್ದರೆ ವಾಸಿಯಾಗುವುದು ನಿಧಾನ, ಮೇಲೆ ಬೇರೆ ಸೋಂಕು. ಒಣ ಬಟ್ಟೆ ಸುತ್ತಿ ಮುಚ್ಚಿಡಬೇಕು. ಹೆಬ್ಬೆಟ್ಟು ಚೀಪುವ ಮಕ್ಕಳಲ್ಲೂ ಹೀಗಾಗುತ್ತದೆ. ಕಬಡ್ಡಿ ಆಡುವ ಹುಡುಗರು ಗುಳ್ಳೆ ಒಣಗಿ ಹಕ್ಕಳೆ ಉದುರುವ ತನಕ ಅಂಕಣಕ್ಕೆ ಇಳಿಯಬಾರದು. ಕೆನ್ನೆಗೆ ತೋಳು ಉಜ್ಜಿದ ಕಡೆ ಅಂಟುತ್ತದೆ. ಇನ್ನೊಂದು, ಕೇಳಲು ಸಂಕೋಚಪಡುತ್ತಾರಾದ್ದರಿಂದ ನಾನೇ ಹೇಳಿಬಿಡುತ್ತೇನೆ: ತುಟಿಯಲ್ಲಿ ಗುಳ್ಳೆ ಇರುವಾಗ ಬಾಯಿಯಿಂದ ಸಂಭೋಗ ಮಾಡಿದರೆ ಇದೇ ವೈರಸ್ ಸಂಗಾತಿಯ ಜನನಾಂಗಕ್ಕೆ ಹೋಗುತ್ತದೆ.

ಗುಳ್ಳೆ ಮುಟ್ಟಿದ ಕೈಯಿಂದ ಉಜ್ಜಿಕೊಂಡ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ನೋಡಲಾಗದಿದ್ದರೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಬೇಡಿ. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಬಿದ್ದರೆ ಕರಿಗುಡ್ಡೆಯ ಮೇಲಿನ ಹುಣ್ಣು ಹಬ್ಬಿ ದೃಷ್ಟಿಗೇ ಕುತ್ತು. ಅದೇ ದಿನ ಕಣ್ಣಿನ ಡಾಕ್ಟರನ್ನು ನೋಡಬೇಕು, ಹತ್ತಿರ ಸಿಗದಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇದೆ. ತುಟಿಗೂ ಅಷ್ಟೆ. ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ ಮೂರೂ ಬೆರೆಸಿದ ಟ್ಯೂಬುಗಳು ಚೀಟಿಯಿಲ್ಲದೆ ಸಿಗುತ್ತವೆ, ಎರಡು ದಿನ ಉರಿ ತಗ್ಗಿಸುತ್ತವೆ, ಆಮೇಲೆ ಗುಳ್ಳೆ ಕೆನ್ನೆಗೆ ಹಬ್ಬುತ್ತದೆ.

ಮದ್ದು ಅಂದರೆ ಎಸಿಕ್ಲೊವಿರ್ ಮತ್ತು ಅದರ ಬಳಗ. ಇದನ್ನು ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಹಂಚಿಕೊಂಡವರು. ಇದರ ಜಾಣತನ ಏನೆಂದರೆ, ವೈರಸ್ ತಾನೇ ತಯಾರಿಸುವ ಒಂದು ಕಿಣ್ವ ಇದನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಸೋಂಕಿಲ್ಲದ ಜೀವಕೋಶಕ್ಕೆ ಬಾಧೆ ಕಡಿಮೆ. ಹಾಗೆಯೇ, ವೈರಸ್ ಹೆರುತ್ತಿರುವಾಗ ಮಾತ್ರ ಇದಕ್ಕೆ ಕೆಲಸ. ಹಕ್ಕಳೆ ಕಟ್ಟಿದ ಮೇಲೆ ನುಂಗಿದರೆ ದುಡ್ಡು ದಂಡ. ಪದೇ ಪದೇ ಏಳುವ ದೊಡ್ಡವರಿಗೆ ನಾನು ಮಾತ್ರೆಯನ್ನು ಮೊದಲೇ ಬರೆದು ಮನೆಯಲ್ಲಿಟ್ಟುಕೊಳ್ಳಲು ಹೇಳುತ್ತೇನೆ: ವ್ಯಾಲಸಿಕ್ಲೊವಿರ್ 2 ಗ್ರಾಂ ಜುಮುಜುಮು ಅಂದ ಕೂಡಲೇ, ಇನ್ನೊಂದು 2 ಗ್ರಾಂ 12 ಗಂಟೆ ಬಿಟ್ಟು, ಅಲ್ಲಿಗೆ ಮುಗಿಯಿತು. ಅಥವಾ ಎಸಿಕ್ಲೊವಿರ್ 400 ಮಿಲಿಗ್ರಾಂ ದಿನಕ್ಕೆ ಐದು ಸಲ, ಐದು ದಿನ. ಚೆನ್ನಾಗಿ ನೀರು ಕುಡಿಯಬೇಕು. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಇಳಿಸಬೇಕು, ಬಸುರಿಯರು ತಾವಾಗಿ ನುಂಗಬಾರದು. ಇಷ್ಟೆಲ್ಲ ಮಾಡಿದರೂ ಗುಳ್ಳೆ ವಾಸಿಯಾಗುವುದು ಸುಮಾರು ಒಂದು ದಿನ ಬೇಗ ಅಷ್ಟೆ, ಅದಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದಿಲ್ಲ. 5 ಪರ್ಸೆಂಟ್ ಕ್ರೀಮ್ ದಿನಕ್ಕೆ ಐದು ಸಲ ಹಚ್ಚಿದರೆ ಅದಕ್ಕೂ ಕಡಿಮೆ. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಏಳುವವರಿಗೆ ದಿನವಹಿ ಮಾತ್ರೆಯ ದಾರಿ ಇದೆ, ಅದನ್ನು ಎದುರು ಕೂತು ಮಾತಾಡಿ ತೀರ್ಮಾನಿಸಬೇಕು.

ಏಳದಂತೆ ನೋಡಿಕೊಂಡರೆ ಹರಡುವ ಮಾತೂ ಕಡಿಮೆ. ಮಾರ್ಚ್‌ನಿಂದ ಮೇವರೆಗೆ ಟೊಮೆಟೊ ಬಿಡಿಸುವವರು, ಮಂಡಿಯಲ್ಲಿ ಕ್ರೇಟು ಹೊರುವವರು ಹೆಚ್ಚು ಬರುತ್ತಾರೆ. ತುಟಿಗೆ ಬಿಸಿಲು ತಡೆಯುವ ಎಸ್‌ಪಿಎಫ್ 30ರ ಲಿಪ್ ಬಾಮ್ ಎರಡು ಗಂಟೆಗೊಮ್ಮೆ, ತಲೆಗೆ ಅಂಚು ಅಗಲದ ಟೋಪಿ. ತಲೆಗೆ ಸುತ್ತಿದ ಟವೆಲ್ ತುಟಿಗೆ ನೆರಳು ಕೊಡುವುದಿಲ್ಲ. ನಂದಿಬೆಟ್ಟಕ್ಕೆ ಹೋಗಿ ಬಂದ ಮೇಲೆ ಎದ್ದಿತು ಅಂದಾಗ ಅಲ್ಲಿ ತಣ್ಣಗಿತ್ತಲ್ಲ ಅಂತ ಆಶ್ಚರ್ಯಪಡುತ್ತಾರೆ. ಬೆಟ್ಟ 1,478 ಮೀಟರ್ ಎತ್ತರ, ಮೇಲೆ ಹೋದಷ್ಟೂ ನೇರಳಾತೀತ ಕಿರಣ ಹೆಚ್ಚು. ಗಾಳಿ ತಣ್ಣಗಿದ್ದರೂ ಬಿಸಿಲು ತುಟಿಯನ್ನು ಬಿಡುವುದಿಲ್ಲ. ಆ ಲಿಪ್ ಬಾಮ್ ಕೂಡ ಒಬ್ಬರಿಗೆ ಒಂದೇ ಇರಲಿ. ಗುಳ್ಳೆ ಇರುವಾಗ ನೇರ ತುಟಿಗೆ ಉಜ್ಜಿದ ಕಡ್ಡಿಯನ್ನು ವಾಸಿಯಾದ ಮೇಲೆ ಬಿಸಾಕಿ ಹೊಸದು ತೆಗೆದುಕೊಳ್ಳಿ.