ಪದ್ಯ ದಾಖಲೆಯದ್ದು, ಮಾತು ನಿಮ್ಮದು: ಮೇಫ್ಲವರ್ ವಲಸಿಗರ ಕಥೆ ಬರೆಯುವುದು ಹೇಗೆ?

ತಾಳಮದ್ದಲೆ ಕೇಳಿದವರಿಗೆ ಫ್ಯಾನ್ ಫಿಕ್ಷನ್ (ಮೊದಲೇ ಇರುವ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ) ಅಂದರೇನು ಎಂದು ಜಾಸ್ತಿ ವಿವರಿಸಬೇಕಿಲ್ಲ. ಭಾಗವತರ ಪದ್ಯವನ್ನು ಯಾರೂ ಬದಲಾಯಿಸುವುದಿಲ್ಲ. ಅದರ ಮೇಲೆ ಮಾತು ಕಟ್ಟುವುದು ಅರ್ಥಧಾರಿಯ ಕೆಲಸ. ಚರಿತ್ರೆಯ ಜನರನ್ನು ಇಟ್ಟುಕೊಂಡು ಕಥೆ ಬರೆಯುವಾಗಲೂ ಇದೇ ಕಟ್ಟುಪಾಡು. 1620ರಲ್ಲಿ ಮೇಫ್ಲವರ್ ಹಡಗು ಹತ್ತಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ 102 ಜನರನ್ನೇ ತೆಗೆದುಕೊಳ್ಳೋಣ.

ಮೊದಲು ಒಬ್ಬರನ್ನು ಆರಿಸಿ. ಆ ವಲಸಿಗರ ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್ ಬೇಡ, ತನ್ನ ಮಾತನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ಅವನ ಹೆಂಡತಿ ಡೊರೊಥಿಯನ್ನು ನೋಡಿ. 1613ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮದುವೆಯಾದಾಗ ಅವಳಿಗೆ 16 ವರ್ಷ. ಪುಟ್ಟ ಮಗ ಜಾನ್‌ನನ್ನು ಹಾಲೆಂಡಿನಲ್ಲೇ ಬಿಟ್ಟು ಹಡಗು ಹತ್ತಿದಳು. ದಡ ಮುಟ್ಟಿ ತಿಂಗಳಾಗುವ ಮೊದಲೇ, ಡಿಸೆಂಬರ್ 7ರಂದು, ಲಂಗರು ಹಾಕಿ ನಿಂತಿದ್ದ ಹಡಗಿನಿಂದ ನೀರಿಗೆ ಬಿದ್ದು ಸತ್ತಳು. ಗಂಡ ಆಗ ಜಾಗ ಹುಡುಕಲು ದೋಣಿಯಲ್ಲಿ ಹೋಗಿದ್ದ. ಅವನ ದೊಡ್ಡ ಇತಿಹಾಸದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು: ಬಂದ ಸ್ವಲ್ಪ ದಿನಕ್ಕೇ ಹೆಂಡತಿ ತೀರಿಕೊಂಡಳು. ಕಥೆಗಾರರಿಗೆ ಬೇಕಾದ ಖಾಲಿ ಜಾಗ ಇದೇ ಅಲ್ವಾ?

ಇನ್ನು ಓದು. ವಲಸಿಗರೇ ಬರೆದು ಕಳಿಸಿ, 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಮೋರ್ಟ್ಸ್ ರಿಲೇಶನ್' ಎಂಬ ಪುಟ್ಟ ಪುಸ್ತಕವಿದೆ. ಅದನ್ನು ಮೊದಲು ಓದಿ. ಬ್ರಾಡ್‌ಫರ್ಡ್ ತನ್ನ ಇತಿಹಾಸ 'ಆಫ್ ಪ್ಲಿಮತ್ ಪ್ಲಾಂಟೇಶನ್' ಬರೆಯಲು ಕೂತದ್ದು 1630ರಲ್ಲಿ, ಅಂದರೆ ಹತ್ತು ವರ್ಷ ಹಳೆಯ ನೆನಪು. ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಎಚ್ಚರ: ಅವರದ್ದು ಹಳೆಯ ಜೂಲಿಯನ್ ಪಂಚಾಂಗ. ಅವರ ಡಿಸೆಂಬರ್ 7 ನಮ್ಮ ಲೆಕ್ಕದಲ್ಲಿ ಡಿಸೆಂಬರ್ 17. ಯಾವುದಾದರೂ ಒಂದೇ ಲೆಕ್ಕ ಹಿಡಿಯಿರಿ.

ಆಮೇಲೆ ಬಟ್ಟೆ, ಊಟ. ಯಾರಾದರೂ ಸತ್ತರೆ ಅವರ ಮನೆಯ ಸಾಮಾನೆಲ್ಲ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಗಳು ಚಿನ್ನದ ಗಣಿ. 1657ರಲ್ಲಿ ಸತ್ತ ಬ್ರಾಡ್‌ಫರ್ಡ್‌ನ ಪಟ್ಟಿಯಲ್ಲಿ ಕೆಂಪು ವೇಸ್ಟ್‌ಕೋಟ್, ನೇರಳೆ ನಿಲುವಂಗಿ ಇವೆ. ಹಾಗಾಗಿ ಎಲ್ಲರಿಗೂ ಕಪ್ಪು ಬಟ್ಟೆ ತೊಡಿಸಬೇಡಿ. ನಾನೂ ಎಡವಿದ್ದೇನೆ. ಮೊದಲ ಕರಡಿನಲ್ಲಿ 1621ರ ಬೇಸಿಗೆಯಲ್ಲಿ ಒಬ್ಬಳನ್ನು ಹಸುವಿನ ಹಾಲು ಕರೆಯಲು ಕೂರಿಸಿದ್ದೆ. ಹಸುಗಳು ಅಲ್ಲಿಗೆ ಬಂದದ್ದೇ 1624ರಲ್ಲಿ! ಇಡೀ ದೃಶ್ಯ ಹೊಡೆದುಹಾಕಬೇಕಾಯಿತು. ಹೆಸರುಗಳನ್ನಂತೂ ನೀವು ಹುಟ್ಟಿಸಬೇಕಿಲ್ಲ. ಹಡಗಿನಲ್ಲೇ ಲವ್, ರೆಸ್ಲಿಂಗ್, ಹ್ಯುಮಿಲಿಟಿ ಎಂಬ ಮಕ್ಕಳಿದ್ದರು.

ದಡದ ಮೇಲಿದ್ದವರನ್ನು ಮರೆಯಬೇಡಿ. ಇಲ್ಲೇ ಜಾಸ್ತಿ ಕಥೆಗಳು ಕೆಡುವುದು. ಅಲ್ಲಿನ ಮೂಲನಿವಾಸಿ ಟಿಸ್ಕ್ವಾಂಟಮ್ ಎಂದರೆ ವಲಸಿಗರಿಗೆ ಮೆಕ್ಕೆಜೋಳ ಬಿತ್ತಲು ಕಲಿಸಿದ ಒಳ್ಳೆಯವನು, ಅಷ್ಟೇ ಎಂದು ಮುಗಿಸುತ್ತಾರೆ. 1614ರಲ್ಲಿ ಅವನನ್ನು ಕದ್ದೊಯ್ದು ಸ್ಪೇನಿನಲ್ಲಿ ಮಾರಲು ಇಟ್ಟಿದ್ದರು. ಲಂಡನ್ ಸುತ್ತಿ 1619ರಲ್ಲಿ ತಿರುಗಿ ಬಂದಾಗ ಅವನ ಊರು ಪಟುಕ್ಸೆಟ್‌ನಲ್ಲಿ ಯಾರೂ ಉಳಿದಿರಲಿಲ್ಲ. ರೋಗಕ್ಕೆ ಎಲ್ಲ ಸತ್ತಿದ್ದರು. ವಲಸಿಗರು ಮನೆ ಕಟ್ಟಿದ್ದು ಆ ಊರಿನ ಮೇಲೇ. ಅವರಿಗೆ ಬಿತ್ತನೆ ಕಲಿಸುವಾಗ ಅವನು ನಿಂತಿದ್ದದ್ದು ತನ್ನವರ ಹೊಲದಲ್ಲಿ. ಆ ದೃಶ್ಯ ಬರೆಯುವಾಗ ಅವನ ಕಾಲ ಕೆಳಗಿನ ಮಣ್ಣು ನೆನಪಿರಲಿ.

ಈಗ ಬರವಣಿಗೆ. ಡಿಸೆಂಬರ್ 6ರಂದು ಬ್ರಾಡ್‌ಫರ್ಡ್ ಇದ್ದ ದೋಣಿ ಹೊರಟಿತು. ಮೈಮೇಲೆ ಸಿಡಿದ ನೀರು ಹೆಪ್ಪುಗಟ್ಟಿ ಬಟ್ಟೆ ಕಬ್ಬಿಣದ ಕೋಟಿನಂತಾಯಿತು ಎಂದು ಹೋದವರೇ ಬರೆದಿದ್ದಾರೆ. ಅದೇ ಚಳಿ ಹಡಗಿನ ಹಗ್ಗಕ್ಕೂ ಇತ್ತು, ಹಲಗೆಗೂ ಇತ್ತು. ಅಲ್ಲಿಂದ ಶುರು ಮಾಡಿ.

ಡೊರೊಥಿ ಬೇಕೆಂದೇ ಹಾರಿದಳಾ, ಕಾಲು ಜಾರಿತಾ? 1869ರಲ್ಲಿ ಅಮೆರಿಕದ ಒಂದು ಮಾಸಪತ್ರಿಕೆಯ ಕಥೆ, ಗಂಡನ ಮನಸ್ಸು ಬೇರೊಬ್ಬಳ ಮೇಲಿದೆ ಎಂದು ತಿಳಿದು ಅವಳು ಪ್ರಾಣ ಕಳೆದುಕೊಂಡಳು ಎಂದಿತು. ಅದಕ್ಕೆ ಯಾವ ದಾಖಲೆಯೂ ಇಲ್ಲ. ಆದರೂ ಎಷ್ಟೋ ಜನ ಅದನ್ನೇ ಚರಿತ್ರೆ ಎಂದು ನಂಬಿಬಿಟ್ಟರು. ಊಹಿಸಲೇಬೇಡಿ ಎನ್ನುತ್ತಿಲ್ಲ. ಕಥೆ ಮುಗಿದ ಮೇಲೆ ಕೆಳಗೆ ಎರಡು ಸಾಲು ಸೇರಿಸಿ: "ಡೊರೊಥಿ ಸತ್ತ ದಿನ ದಾಖಲೆಯದ್ದು. ಅವಳು ಅವತ್ತು ಡೆಕ್ಕಿಗೆ ಬಂದ ಕಾರಣ ನನ್ನದು."